ಬೇಯುವುದಿಲ್ಲ ಎಂದು ಬರೆದವಳು ನಾನೇ

ನನ್ನ ಕುರ್ಚಿಯಲ್ಲಿ ಈಗ ಕೂತಿರುವ ಹುಡುಗಿ ಹೋದ ವಾರ ಫೋನ್ ಮಾಡಿದ್ದಳು. "ಆಂಟಿ, ಸೇರಿ ಹದಿನೈದು ದಿನ ಆಯ್ತು. ಮಿಷಿನ್ನು ಕಾಳು ಒತ್ತಿ ನಂಬರ್ ಕೊಡತ್ತೆ, ನಾನು ಬರ್ಕೋತೀನಿ. ಇಷ್ಟಕ್ಕೆ ನೀವು ಅಷ್ಟು ವರ್ಷ ಏನ್ ಮಾಡ್ತಾ ಇದ್ರಿ?" ಎಂದು ಕೇಳಿದಳು. ಕೊಂಕಿನ ಮಾತಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳಿದ್ದು. "ಬೇಳೆ ಬೇಯಿಸ್ತಾ ಇದ್ದೆ ಕಣೇ" ಎಂದೆ. ಅವಳು ನಕ್ಕಳು, ನಾನೂ ನಕ್ಕೆ. ಆದರೆ ಫೋನ್ ಇಟ್ಟ ಮೇಲೆ, ಅಷ್ಟೇ ಹೇಳಿ ಬಿಟ್ಟುಬಿಟ್ಟರೆ ಹುಡುಗಿಗೆ ಮೋಸ ಮಾಡಿದ ಹಾಗಾಗುತ್ತದೆ ಅನ್ನಿಸಿತು. ನಾನು ಮಾಡಿದ ಎಡವಟ್ಟುಗಳಾದರೂ ಅವಳಿಗೆ ಗೊತ್ತಿರಲಿ. ಬಡ್ತಿ, ಬೀಳ್ಕೊಡುಗೆಯ ಶಾಲು, ಹಾರ, ಇವುಗಳಿಂದ ಯಾರೂ ಏನೂ ಕಲಿತದ್ದು ನಾನು ಕಂಡಿಲ್ಲ.

ನಾನು ಕೆಲಸ ಮಾಡಿದ್ದು ಒಂದು ಸಹಕಾರ ಸಂಘದಲ್ಲಿ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಮಲ್ಲತ್ತಹಳ್ಳಿ, ಹೆಗ್ಗನಹಳ್ಳಿ ಎಂದು ನಮ್ಮ ಕಡೆ ಆರು ದಿನಸಿ ಅಂಗಡಿಗಳು ಅದಕ್ಕಿದ್ದವು. ಗೋಡೌನೂ ಹೆಗ್ಗನಹಳ್ಳಿಯಲ್ಲೇ, ಒಂದು ಕಡೆ ಲೇತ್ ಶೆಡ್ಡು, ಇನ್ನೊಂದು ಕಡೆ ಗಾರ್ಮೆಂಟ್ಸ್. ಆ ಎರಡು ಸದ್ದಿನ ನಡುವಿನ ಸಣ್ಣ ಕೋಣೆಯಲ್ಲಿ ಐದು ಒಲೆ, ಐದು ಅಲ್ಯೂಮಿನಿಯಂ ಪಾತ್ರೆ, ಒಂದು ಗೋಡೆ ಗಡಿಯಾರ, ನಾನು. ಕಾಗದದ ಮೇಲೆ ನನ್ನ ಹುದ್ದೆ ಗುಣಮಟ್ಟ ಪರಿಶೀಲಕಿ. ಅಂಗಡಿಯವರು, ಲಾರಿಯವರು, ಕೊನೆಕೊನೆಗೆ ನಮ್ಮ ಯಜಮಾನರೂ ಕರೆಯುತ್ತಿದ್ದದ್ದು ಬೇಳೆ ಮೇಡಂ ಎಂದು. ಅಕ್ಕಿ, ಬೆಲ್ಲ, ಮೆಣಸಿನಕಾಯಿ ಎಲ್ಲ ನೋಡುತ್ತಿದ್ದೆ, ಆದರೂ ಹೆಸರು ಅಂಟಿಕೊಂಡದ್ದು ತೊಗರಿ ಬೇಳೆಯಿಂದ. ಜನ ಅಕ್ಕಿಯನ್ನು ಕ್ಷಮಿಸುತ್ತಾರೆ, ಬೇಯದ ಬೇಳೆಯನ್ನು ಕ್ಷಮಿಸುವುದಿಲ್ಲ.

ಇದು ನನಗೆ ತಿಳಿದದ್ದು ಸೇರಿದ ಮೊದಲ ತಿಂಗಳಲ್ಲೇ. ಒಬ್ಬ ವರ್ತಕ ತಂದ ಬೇಳೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆ ಹೊಳಪಿಗೆ ನಾನು ಮರುಳಾಗಿ, ಬೇಯಿಸುವ ಶಾಸ್ತ್ರವನ್ನು ಅರ್ಧಕ್ಕೆ ನಿಲ್ಲಿಸಿ, ಒಪ್ಪಿಗೆ ಎಂದು ಬರೆದೆ. ಹಳೆಯ ಬೇಳೆಗೆ ಎಣ್ಣೆ ಕೈ ಆಡಿಸಿದ್ದರು. ಮೂರನೇ ದಿನ ರಾಜಾಜಿನಗರದ ಅಂಗಡಿಗೆ ಒಬ್ಬ ಅಜ್ಜಿ ಕುಕ್ಕರನ್ನೇ ಹೊತ್ತು ತಂದರು. ನನ್ನನ್ನು ಅಲ್ಲಿಗೆ ಕರೆಸಿದರು. "ಎಂಟು ವಿಷಲ್ ಕೂಗ್ಸಿದೀನಿ ಕಣಮ್ಮ, ಪಕ್ಕದ್ಮನೆಯೋರು ಬಂದು ಏನಾಯ್ತು ಅಂತ ಕೇಳಿದ್ರು. ಬೇಳೆ ಮಾತ್ರ ಹಾಗೇ ಇದೆ. ನೀನೇ ನೋಡು" ಎಂದು ಮುಚ್ಚಳ ತೆಗೆದರು. ನೋಡಿದೆ. ಒಂದೊಂದು ಬೇಳೆಯೂ ಸ್ನಾನ ಮಾಡಿ ಬಂದ ಹಾಗೆ ಕೂತಿತ್ತು. ಅಂದಿನಿಂದ ಕುಕ್ಕರನ್ನು ಬಿಟ್ಟು ತೆರೆದ ಪಾತ್ರೆಯಲ್ಲೇ ಬೇಯಿಸುವುದು, ಗಡಿಯಾರ ನೋಡುತ್ತ ಕೂರುವುದು, ಎರಡು ಬೆರಳಲ್ಲಿ ಹಿಸುಕಿದಾಗ ನಡುವೆ ಬಿಳಿ ಚುಕ್ಕೆ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ನನ್ನ ಕ್ರಮವಾಯಿತು.

ಇನ್ನೊಂದು ನಿಯಮವನ್ನು ನನಗಿಂತ ಹಿಂದಿನವರು ಮಾಡಿಟ್ಟಿದ್ದರು. ಪಾತ್ರೆಯ ಮೇಲೆ ಯಾರ ಬೇಳೆ ಎಂದು ಬರೆಯಬಾರದು, ಬರೀ ಸಂಖ್ಯೆ ಇರಬೇಕು. ಒಳ್ಳೆಯ ನಿಯಮ. ನಮ್ಮ ಅತ್ತಿಗೆಯ ತಮ್ಮನ ಬೇಳೆಯೇ ಬಂದರೂ ನನಗೆ ಗೊತ್ತಾಗುತ್ತಿರಲಿಲ್ಲ, ಒಮ್ಮೆ ಬಂದು ವಾಪಸ್ಸೂ ಹೋಯಿತು. ಆ ವರ್ಷ ದೀಪಾವಳಿಗೆ ಅತ್ತಿಗೆ ನನ್ನ ಜೊತೆ ಮಾತಾಡಲಿಲ್ಲ.

ನನ್ನ ಕೋಣೆಯ ನಿಜವಾದ ಯಜಮಾನಿ ಪುಟ್ಟಲಕ್ಷ್ಮಮ್ಮ, ನಮ್ಮ ಅಟೆಂಡರ್. ಬ್ಯಾಡರಹಳ್ಳಿಯವರು. ಅವರ ರಾಗಿ ಹೊಲ ಲೇಔಟಾಗಿ ಈಗ ಮೂರು ಮನೆ ಬಾಡಿಗೆಗೆ ಕೊಟ್ಟಿದ್ದರು, ಸಂಬಳಕ್ಕಾಗಿ ದುಡಿಯುವ ಅಗತ್ಯವೇ ಇರಲಿಲ್ಲ. "ಮನೇಲ್ ಕೂತ್ರೆ ಬಾಡ್ಗೆಯೋರು ನಲ್ಲಿ ಸರಿ ಇಲ್ಲ, ಬಲ್ಬು ಸರಿ ಇಲ್ಲ ಅಂತ ಬತ್ತಾರೆ ಮೇಡಂ, ಅದ್ಕೇ ಇಲ್ಲಿಗ್ ಬತ್ತೀನಿ" ಅನ್ನುತ್ತಿದ್ದರು. ಪರೀಕ್ಷೆ ಮುಗಿದ ಐದು ಪಾತ್ರೆಯ ಬೇಳೆಯನ್ನು ಅವರು ಚೆಲ್ಲಲು ಬಿಡುತ್ತಿರಲಿಲ್ಲ. ಒಂದರಲ್ಲಿ ಟೊಮೆಟೊ ಸಾರು, ಒಂದರಲ್ಲಿ ಮಸ್ಸೊಪ್ಪು, ಹೀಗೆ ಮಧ್ಯಾಹ್ನ ಇಡೀ ಗೋಡೌನಿಗೆ ಊಟ. ಮ್ಯಾನೇಜರ್ ನಂಜುಂಡಪ್ಪನವರು ಮೊದಲ ಪಂಕ್ತಿಗೇ ಹಾಜರು. "ಪ್ರಪಂಚದಲ್ಲಿ ಎಲ್ರೂ ಅವ್ರವ್ರ ಬೇಳೆ ಬೇಯಿಸ್ಕೊಳ್ಳೋರೇ, ಸಂಬಳ ತಗೊಂಡು ಊರಿನ ಬೇಳೆ ಬೇಯಿಸೋರು ನೀವೊಬ್ರೇ ಮೇಡಂ" ಎಂದು ಪ್ರತಿ ಹೊಸಬರ ಮುಂದೆಯೂ ಹೇಳಿ ತಾವೇ ನಗುತ್ತಿದ್ದರು. ನಾವು ಅಷ್ಟೂ ವರ್ಷ ಅದಕ್ಕೆ ನಕ್ಕೆವು. ಮನುಷ್ಯ ಜಿಪುಣ, ಆದರೆ ಕೆಟ್ಟವರಲ್ಲ.

ಹೀಗೆ ನಡೆಯುತ್ತಿದ್ದಾಗ ಹಡಗಿನ ಬೇಳೆ ಬಂತು. ಬೇಳೆ ತುಟ್ಟಿಯಾಗಿ ಜನ ಗೊಣಗತೊಡಗಿದಾಗ ಸರ್ಕಾರ ಆಮದಿನ ಬಾಗಿಲು ತೆಗೆಯಿತು, ಸುಂಕವೂ ಇಲ್ಲ ಎಂದಿತು. ಆಫ್ರಿಕಾದ ಕಡೆಯಿಂದ ತೊಗರಿ ಬಂದು, ಎಲ್ಲೋ ಬಂದರಿನ ಹತ್ತಿರ ಬೇಳೆಯಾಗಿ, ನಮ್ಮ ಗೋಡೌನಿನ ಮುಂದೆ ಲಾರಿಯಲ್ಲಿ ನಿಂತಿತು. ನಾನು ಅದನ್ನು ಕೆಟ್ಟದ್ದೆಂದು ಹೇಳಿದರೆ ನಾಲಿಗೆ ಬಿದ್ದುಹೋದೀತು. ಶುಚಿಯಾಗಿತ್ತು, ಒಂದೇ ಅಳತೆಯಲ್ಲಿತ್ತು, ಚೆನ್ನಾಗಿ ಬೇಯುತ್ತಿತ್ತು. ಬೆಲೆ ಇಳಿದಾಗ ಹೆಗ್ಗನಹಳ್ಳಿಯ ಅಂಗಡಿಯಲ್ಲಿ ಕಾಲು ಕೇಜಿ ಕೊಳ್ಳುತ್ತಿದ್ದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಅರ್ಧ ಕೇಜಿ ಕೊಂಡದ್ದನ್ನು ಕಣ್ಣಾರೆ ಕಂಡು ಸಂತೋಷಪಟ್ಟವಳು ನಾನು. ಕಲಬುರಗಿ ಕಡೆಯಿಂದ ಮಾದರಿಯ ಚೀಲ ಹಿಡಿದು ಬರುತ್ತಿದ್ದವರು ಒಬ್ಬೊಬ್ಬರಾಗಿ ನಿಂತುಹೋದದ್ದನ್ನು ಗಮನಿಸಿದವರು ಪುಟ್ಟಲಕ್ಷ್ಮಮ್ಮ, ನಾನಲ್ಲ. "ಆ ಕಡೆಯೋರು ಬರೋದೇ ಬಿಟ್ಬುಟ್ರಲ್ಲ ಮೇಡಂ, ಏನ್ ಮಾಡ್ಕೊಂಡವ್ರೋ" ಎಂದರು. ನನ್ನ ಪಾತ್ರೆಗಳ ಮೇಲೆ ಬರೀ ಸಂಖ್ಯೆಯಿತ್ತು. ಯಾರು ಬರುತ್ತಿಲ್ಲ ಎಂಬುದು ಸಂಖ್ಯೆಗೆ ಹೇಗೆ ಗೊತ್ತಾಗಬೇಕು?

ಎರಡು ವರ್ಷ ಬಿಟ್ಟು ಒಂದು ಬೇಸಿಗೆಯ ಆರಂಭದಲ್ಲಿ ಆ ಕಡೆಯಿಂದ ಒಂದು ಮಾದರಿ ಬಂತು. ಕಲಬುರಗಿಯಾಚೆಯ ಒಂದು ಊರಿನ ಹೆಣ್ಣುಮಕ್ಕಳು ಸೇರಿ ಸಣ್ಣ ಬೇಳೆ ಮಿಲ್ಲು ಹಾಕಿಕೊಂಡಿದ್ದರು. ತಮ್ಮ ಹೊಲದ ತೊಗರಿಯನ್ನು ಹಾಗೇ ಮಾರಿದರೆ ಹಡಗಿನ ಬೆಲೆಗೇ ಕೊಡಬೇಕಿತ್ತು. ತಾವೇ ಬೇಳೆ ಮಾಡಿ ನೇರವಾಗಿ ನಮ್ಮಂಥ ಅಂಗಡಿಗೆ ಕೊಟ್ಟರೆ ಎರಡು ಕಾಸು ಉಳಿದೀತು ಎಂಬ ಲೆಕ್ಕ. ನಮ್ಮ ಆರು ಅಂಗಡಿ ಹಿಡಿದರೆ ಮಿಲ್ಲು ಉಳಿಯುತ್ತದೆ, ಇಲ್ಲದಿದ್ದರೆ ಮಿಲ್ಲಿಗೆ ಬೀಗ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನ್ನ ಪಾಲಿಗೆ ಅದು ನಾಲ್ಕನೇ ನಂಬರಿನ ಪಾತ್ರೆ.

ಸೋಮವಾರ ಮೂರನೇ ನಂಬರು ಬೇಯಿಸಿದೆ, ಬೆಣ್ಣೆಯ ಹಾಗೆ ಬೆಂದಿತು; ಅದು ಹಡಗಿನ ಬೇಳೆಯೆಂದು ಆಮೇಲೆ ತಿಳಿಯಿತು. ಬುಧವಾರ ನಾಲ್ಕನೇ ನಂಬರು ಇಟ್ಟೆ. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು, ಬೆರಳಲ್ಲಿ ಹಿಸುಕಿದರೆ ಜಾರಿ ನೆಲಕ್ಕೆ ಬೀಳುತ್ತಿತ್ತು. ಅಜ್ಜಿಯ ಕುಕ್ಕರ್ ನೆನಪಾಯಿತು. ಎರಡನೇ ಯೋಚನೆ ಮಾಡದೆ "ಬೇಯುವುದಿಲ್ಲ, ತಿರಸ್ಕರಿಸಿದೆ" ಎಂದು ಬರೆದು ರುಜು ಹಾಕಿದೆ. ನಂಜುಂಡಪ್ಪನವರಿಗೆ ನಿರಾಳ. ಹಡಗಿನದೇ ಅಗ್ಗ, ಹಡಗಿನದೇ ಬೇಯುತ್ತದೆ, ಶನಿವಾರದ ನಿರ್ದೇಶಕರ ಸಭೆಯಲ್ಲಿ ಐದು ನಿಮಿಷದ ಕೆಲಸ ಎಂದುಕೊಂಡರು.

ಶುಕ್ರವಾರ ಬೆಳಿಗ್ಗೆ ನನ್ನ ಕೋಣೆಯ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ನಾಲ್ಕು ಅಂತಸ್ತಿನ ಟಿಫಿನ್ ಕ್ಯಾರಿಯರ್. ಹೆಸರು ಮಹಾದೇವಿ, ಆ ಮಿಲ್ಲಿನ ಮುಂದಾಳು. ಫೋನಿನಲ್ಲಿ ಸುದ್ದಿ ಕೇಳಿ ಗುರುವಾರ ರಾತ್ರಿಯ ರೈಲನ್ನೇ ಹತ್ತಿದ್ದರು. ವಿಜಯನಗರದಲ್ಲಿ ತಂಗಿಯ ಮನೆ. ಸ್ಟೇಷನ್ನಿನಿಂದ ಅಲ್ಲಿಗೆ ಹೋಗಿ, ತಮ್ಮ ಬೇಳೆಯನ್ನೇ ಬೇಯಿಸಿ ತಂದಿದ್ದರು.

"ಅಕ್ಕೋರೆ, ನಮ್ಮ ಬ್ಯಾಳಿ ಕುದಿಯಂಗಿಲ್ಲ ಅಂತ ಬರದೀರಂತ. ಇದನ್ನ ಒಂದೀಟು ತಿಂದು ನೋಡ್ರಿ" ಎಂದು ಮುಚ್ಚಳ ತೆಗೆದರು.

ಪರಿಮಳ ಬಂತು. ಆದರೆ ನನಗೂ ನನ್ನದೊಂದು ಗತ್ತು. ಅಷ್ಟು ವರ್ಷದಲ್ಲಿ ಬರೆದ ತಿರಸ್ಕಾರವನ್ನು ಒಮ್ಮೆಯೂ ಹಿಂದಕ್ಕೆ ತೆಗೆದುಕೊಂಡವಳಲ್ಲ. "ನೋಡಮ್ಮಾ, ಮನೆ ಅಡಿಗೆ ಬೇರೆ, ಪರೀಕ್ಷೆ ಬೇರೆ. ಮನೇಲಿ ಕುಕ್ಕರ್ ಇರುತ್ತೆ, ಸೋಡ ಇರುತ್ತೆ" ಎಂದೆ.

"ಸೋಡಾ ಹಾಕೂ ಮಂದಿ ಅಲ್ರೀ ನಾವು" ಎಂದು ಆಕೆ ನೊಂದು ಹೇಳಿದರು. ಜಗಳಕ್ಕೆ ನಿಲ್ಲಲಿಲ್ಲ. ನನ್ನ ಐದು ಪಾತ್ರೆಗಳನ್ನು ಒಂದೊಂದಾಗಿ ನೋಡಿದರು, ತಳ ಮುಟ್ಟಿದರು. ಅಂಚಿನಲ್ಲಿ ಕಟ್ಟಿದ್ದ ಬಿಳಿ ಗೆರೆಯನ್ನು ಉಗುರಿನಿಂದ ಕೆರೆದರು. "ಯಾವ ನೀರು ಹಾಕೀರಿ?"

"ಕಾವೇರಿ ನೀರು. ಯಾವಾಗ್ಲೂ ಅದೇ."

ಪುಟ್ಟಲಕ್ಷ್ಮಮ್ಮ ಮೂಲೆಯಲ್ಲಿ ಕೆಮ್ಮಿದರು. ಅವರ ಕೆಮ್ಮು ನನಗೆ ಗೊತ್ತು, ಅದು ಶೀತದ ಕೆಮ್ಮಲ್ಲ. "ಇಲ್ಲ ಮೇಡಂ. ಬುಧವಾರದ್ದು ಡ್ರಮ್ಮಿನ್ ನೀರು. ಟ್ಯಾಂಕರ್‌ನೋನು ಬಿಟ್ಟೋಗಿದ್ದು, ಬೋರ್ ನೀರು."

"ಯಾಕೆ?"

ಅವರು ಗೋಡೆಯತ್ತ ಕೈ ತೋರಿಸಿದರು. ಅಲ್ಲಿ ನನ್ನದೇ ದುಂಡು ಅಕ್ಷರದಲ್ಲಿ, ಕೆಂಪು ಗೆರೆ ಎಳೆದು ಬರೆದಿತ್ತು: ಕಾವೇರಿ ನೀರು ಕುಡಿಯಲು ಮತ್ತು ಚಹಾಕ್ಕೆ ಮಾತ್ರ. ಆ ಬೇಸಿಗೆ ನೀರಿಗೆ ಬಹಳ ತಾಪತ್ರಯ. ಸೋಮವಾರ ಸಂಜೆ ಚಹಾಕ್ಕೂ ನೀರಿಲ್ಲವೆಂದು ಹುಯಿಲೆದ್ದಿತ್ತು, ಮಂಗಳವಾರ ನಾನು ಆ ಚೀಟಿ ಅಂಟಿಸಿದ್ದೆ. ಬೇಳೆ ಪರೀಕ್ಷೆಗೂ ಎಂದು ಸೇರಿಸಲು ಮರೆತಿದ್ದೆ.

"ಒಂದು ಮಾತು ಕೇಳಬಾರ್ದಾಗಿತ್ತಾ ಪುಟ್ಟಲಕ್ಷ್ಮಮ್ಮ?"

"ನೀವೇ ಅಲ್ವರಾ ಹೇಳಿದ್ದು, ಬರ್ದಿದ್ ಮೇಲೆ ಮತ್ತೆ ಮತ್ತೆ ಕೇಳ್ಬೇಡಿ ಅಂತ."

ಹೇಳಿದ್ದೆ. ಅದೂ ನಾನೇ ಹೇಳಿದ್ದೆ.

ಮಹಾದೇವಿ ಡ್ರಮ್ಮಿನಿಂದ ಒಂದು ಲೋಟ ನೀರು ತೆಗೆದು ಬಾಯಿಗೆ ಹಾಕಿಕೊಂಡು, ಮುಖ ಹಿಂಡಿ, ಹೊರಗೆ ಹೋಗಿ ಉಗಿದು ಬಂದರು. "ಸವಳ ನೀರು. ನಮ್ಮೂರಾಗೂ ಭಾವಿ ನೀರು ಹಿಂಗ ಅದ ಅಕ್ಕೋರೆ. ಅದರಾಗ ಬ್ಯಾಳಿ ಇಟ್ರ ಸೊಸಿ ಮುದುಕಿ ಆದ್ರೂ ಕುದಿಯಂಗಿಲ್ಲ. ಬ್ಯಾಳಿಗೆ ಅಂತ ಹಳ್ಳದ ನೀರ ಬ್ಯಾರೆ ತರ್ತೀವಿ."

ಉಪ್ಪು ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂದು ನನ್ನ ಅಮ್ಮನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಗಡಿಯಾರ ನೋಡಿದೆ, ಬೆರಳಲ್ಲಿ ಹಿಸುಕಿದೆ, ನೀರನ್ನು ಮಾತ್ರ ನೋಡಲಿಲ್ಲ. ನಾಚಿಕೆಯಾಯಿತು. ಆಮೇಲೆ ಯಾಕೋ ನಗು ಬಂತು. ಮಹಾದೇವಿಯೂ ನಕ್ಕರು, ಪುಟ್ಟಲಕ್ಷ್ಮಮ್ಮನಂತೂ ಸೆರಗು ಬಾಯಿಗೆ ಒತ್ತಿಕೊಂಡು ಮೂಲೆಯಲ್ಲಿ ಕೂತುಬಿಟ್ಟರು. ಆ ಟಿಫಿನ್ ಕ್ಯಾರಿಯರಿನ ಬೇಳೆಯನ್ನು ಅದರಲ್ಲೇ ಇದ್ದ ರೊಟ್ಟಿಯ ಜೊತೆ ಮೂವರೂ ಖಾಲಿ ಮಾಡಿದೆವು.

ತಿನ್ನುತ್ತ ಮಹಾದೇವಿ ಹೇಳಿದ ಮಾತನ್ನು ಯಾವ ವರದಿಯಲ್ಲೂ ನಾನು ಓದಿರಲಿಲ್ಲ. "ಹಡಗಿನ ಮ್ಯಾಲ ನಮಗ ಸಿಟ್ಟಿಲ್ರಿ. ಅಲ್ಲೂ ನಮ್ಮಂಥಾರ ಬೆಳದಿರ್ತಾರ. ಆದ್ರ ನಾವು ಬಿತ್ತೂ ಹೊತ್ನ್ಯಾಗ ತೊಗರಿಗೆ ಒಂದು ದರ ಇರ್ತದ, ಎಲ್ಲಾರೂ ತೊಗರಿನೇ ಹಾಕ್ತೀವಿ. ರಾಶಿ ಮಾಡೂ ಹೊತ್ನ್ಯಾಗ ಹಡಗ ಬಂದು ನಿಂತಿರ್ತದ. ಬರೂದನ್ನ ಮೊದಲ ಹೇಳಿದ್ರ ನಾವು ಜ್ವಾಳ ಹಾಕ್ತಿದ್ವಿ."

ಮಧ್ಯಾಹ್ನ ನಂಜುಂಡಪ್ಪನವರಿಗೆ ಎಲ್ಲ ಹೇಳಿದೆ. ಅವರು ತಲೆ ಕೆರೆದುಕೊಂಡರು. "ತಪ್ಪಾಯ್ತು ಅಂತ ಯಾಕೆ ಬರೀತೀರಿ ಮೇಡಂ, ಹೊಸ ಮಾದರಿ ಬಂತು, ಮತ್ತೆ ನೋಡಿದ್ವಿ ಅಂತ ಬರೀರಿ. ನಿಮ್ಮ ಮರ್ಯಾದೆನೂ ಉಳಿಯತ್ತೆ" ಎಂದರು. ಅವರ ಕಾಳಜಿ ನಿಜವಾದದ್ದೇ. ಆದರೆ ಹಾಗೆ ಬರೆದರೆ ಮೊದಲು ಕಳಿಸಿದ ಬೇಳೆ ಕೆಟ್ಟದ್ದೆಂದು ಆ ಹೆಂಗಸರ ತಲೆಗೆ ಕಟ್ಟಿದ ಹಾಗಾಗುತ್ತಿತ್ತು. ನನ್ನ ತಿರಸ್ಕಾರದ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಹೊಡೆದು, "ನನ್ನ ತಪ್ಪು, ಪರೀಕ್ಷೆಯ ನೀರು ಸರಿಯಿರಲಿಲ್ಲ" ಎಂದು ಬರೆದು ರುಜು ಮಾಡಿದೆ. ಹುಡುಗಿ, ಇದೊಂದನ್ನು ನೀನು ಕಲಿಯಲೇಬೇಕು. ಒಂದು ಸಲ ಮಾಡಿದರೆ ಸಾಕು, ಆಮೇಲೆ ಅಷ್ಟು ಕಷ್ಟವಾಗುವುದಿಲ್ಲ.

ಶನಿವಾರ ಸಭೆಯ ಮೇಜಿನ ಪಕ್ಕದಲ್ಲೇ ಒಲೆ ಹಚ್ಚಿ, ಎರಡೂ ಬೇಳೆಯನ್ನು ಕಾವೇರಿ ನೀರಿನಲ್ಲಿ ಇಟ್ಟೆ. ಹಡಗಿನದು ಮೊದಲು ಬೆಂದಿತು. ಮಹಾದೇವಿಯವರ ಬೇಳೆ ತುಸು ತಡವಾಗಿ ಬೆಂದು, ಮಂದವಾಗಿ ಕರಗಿ, ಕೋಣೆ ತುಂಬ ವಾಸನೆ ಎಬ್ಬಿಸಿತು. ಎರಡೂ ಒಳ್ಳೆಯವು ಎಂದು ಹೇಳಿದೆ. ಹಾಗಿದ್ದರೆ ಅಗ್ಗದ್ದೇ ಇರಲಿ ಎಂದರು ಒಬ್ಬ ನಿರ್ದೇಶಕರು. ತಪ್ಪೇನಿಲ್ಲ, ನಾನೂ ಅಷ್ಟು ವರ್ಷ ಹಾಗೇ ಯೋಚಿಸಿದವಳು. ಮಹಾದೇವಿ ಗೋಡೆಗೆ ಒರಗಿ ನಿಂತಿದ್ದರು, ಕೈಯಲ್ಲಿ ಖಾಲಿ ಕ್ಯಾರಿಯರ್. ಅವರ ಮುಖ ನೋಡಿ ನನಗೆ ತಡೆಯಲಾಗಲಿಲ್ಲ.

"ಸಾರ್, ಯಾರ ಬೇಳೆ ಅಂತ ನನಗೆ ಗೊತ್ತಾಗಬಾರದು, ಅದು ನನ್ನ ಕೆಲಸದ ನಿಯಮ. ಕೊಳ್ಳೋರಿಗೂ ಯಾಕೆ ಗೊತ್ತಾಗಬಾರದು? ನಮ್ಮ ಡಬ್ಬದ ಮೇಲೆ ಬರೀ ತೊಗರಿ ಬೇಳೆ ಅಂತ ಇದೆ. ಎರಡು ಡಬ್ಬ ಇಡೋಣ, ಎಲ್ಲಿಂದ ಬಂತು ಅಂತ ಬರೆಯೋಣ. ಅವರವರಿಗೆ ಬೇಕಾದ್ದು ತಗೊಳ್ಳಲಿ."

ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಒಂದು ತಿಂಗಳು ನೋಡೋಣ ಎಂದರು.

ಆ ತಿಂಗಳಷ್ಟು ಖುಷಿಯಾಗಿ ನಾನು ಯಾವತ್ತೂ ಕೆಲಸ ಮಾಡಿಲ್ಲ. ಕೋಣೆ ಬಿಟ್ಟು ಅಂಗಡಿಯಿಂದ ಅಂಗಡಿಗೆ ಓಡಾಡಿದೆ. ರಾಜಾಜಿನಗರದಲ್ಲಿ ಒಬ್ಬರು ಹಿರಿಯರು ಡಬ್ಬದ ಚೀಟಿ ಓದಿ, "ಹಡಗಿನದು ಅಂದ್ರೆ ಒದ್ದೆ ಆಗಿರಲ್ವಾ?" ಎಂದು ಗಂಭೀರವಾಗಿ ಕೇಳಿದರು. ವಿಜಯನಗರದಲ್ಲಿ ಉತ್ತರ ಕರ್ನಾಟಕದ ಮನೆಗಳು ಹೆಚ್ಚು, ಅಲ್ಲಿ ಮಹಾದೇವಿಯವರ ಡಬ್ಬ ನಾಲ್ಕೇ ದಿನಕ್ಕೆ ಬರಿದಾಯಿತು. ಅಂಗಡಿಯವನು ಫೋನ್ ಮಾಡಿ, "ಮೇಡಂ, ಕಳ್ಸಿ ಬೇಗ, ಇಲ್ಲಿ ಆಂಟಿಯರು ನನ್ನ ಬಿಡ್ತಾ ಇಲ್ಲ" ಎಂದ. ಹೆಗ್ಗನಹಳ್ಳಿಯಲ್ಲಿ ಹಡಗಿನದೇ ಹೆಚ್ಚು ಹೋಯಿತು, ಅದನ್ನೂ ಬರೆದಿಡಬೇಕು. ಮಲ್ಲತ್ತಹಳ್ಳಿಯಲ್ಲಿ ಒಬ್ಬ ಗೃಹಿಣಿ ಎರಡನ್ನೂ ಕೊಂಡರು. "ದಿನದ ಸಾರಿಗೆ ಇದು, ಯುಗಾದಿ ಒಬ್ಬಟ್ಟಿಗೆ ಅದು" ಎಂದರು. ಯುಗಾದಿಯ ಹಿಂದಿನ ದಿನ ಆರು ಅಂಗಡಿಯಲ್ಲೂ ಕಲಬುರಗಿಯ ಒಂದು ಹಿಡಿ ಬೇಳೆ ಉಳಿದಿರಲಿಲ್ಲ. ಹಬ್ಬದ ಮಾರನೆ ದಿನ ಪುಟ್ಟಲಕ್ಷ್ಮಮ್ಮ ಅದೇ ಬೇಳೆಯ ಒಬ್ಬಟ್ಟು ತಂದರು. ನಂಜುಂಡಪ್ಪನವರು ಐದು ತಿಂದು, "ಇರ್ಲಿ ಬಿಡಿ, ಎರಡು ಡಬ್ಬ ಹಾಗೇ ಇರ್ಲಿ" ಎಂದರು. ಮಹಾದೇವಿಯವರ ಬಳಿ ಉಳಿದಿದ್ದ ಬೇಳೆಯೆಲ್ಲ ಬೇಸಿಗೆ ಮುಗಿಯುವ ಮೊದಲೇ ನಮ್ಮಲ್ಲಿ ಮಾರಿಹೋಯಿತು.

ಅದೇ ವರ್ಷ ನಾನು ನಿವೃತ್ತಳಾಗುವ ತಿಂಗಳು, ಜೂನಿನಲ್ಲಿ, ಮಹಾದೇವಿಯವರ ಫೋನು ಬಂತು. ಮಾಲು ಕಳಿಸುವ ವಿಷಯ ಇರಬೇಕು ಎಂದುಕೊಂಡೆ.

"ಅಕ್ಕೋರೆ, ಮಳಿ ಛಲೋ ಆಗ್ಯದ. ಹೊಲ ಹಸಿ ಅದ. ನಮ್ಮ ಹೆಣ್ಮಕ್ಕಳೆಲ್ಲಾ ಇಲ್ಲೇ ಕುಂತಾರ. ಮುಂದಿನ ರಾಶಿ ಬ್ಯಾಳಿ ನೀವು ತಗೋತೀರಂದ್ರ ತೊಗರಿ ಬಿತ್ತತೀವಿ. ಇಲ್ಲಂದ್ರ ಈಗ್ಲೇ ಹೇಳ್ರಿ, ಬ್ಯಾರೆ ಏನರ ಹಾಕ್ತೀವಿ."

ಅಷ್ಟು ವರ್ಷ ನನ್ನ ಮುಂದೆ ಬಂದದ್ದೆಲ್ಲ ಬೆಳೆದು, ಒಣಗಿ, ಒಡೆದು, ಚೀಲ ಸೇರಿದ ಬೇಳೆ. ಹೌದು ಅಥವಾ ಇಲ್ಲ ಎಂದು ಬರೆಯುವುದಷ್ಟೇ ನನ್ನ ಕೆಲಸ. ಬಿತ್ತುವ ಮೊದಲು ನನ್ನನ್ನು ಯಾರೂ ಕೇಳಿರಲಿಲ್ಲ. ಫೋನ್ ಹಿಡಿದುಕೊಂಡೇ ನಂಜುಂಡಪ್ಪನವರ ಮೇಜಿಗೆ ಹೋದೆ.

"ಬೆಳೆದು ತರಲಿ ಮೇಡಂ, ಆಮೇಲೆ ನೋಡೋಣ" ಎಂದರು. ಅವರೂ ಅಷ್ಟೂ ವರ್ಷ ಹೇಳಿಕೊಂಡು ಬಂದ ಮಾತು.

"ಸಾರ್, ಆಮೇಲೆ ನೋಡೋದು ನಮಗೆ ಸುಲಭ. ಅವರು ಬಿತ್ತಿದ ಮೇಲೆ ಬೀಜ ವಾಪಸ್ ತೆಗೆಯಕ್ಕಾಗಲ್ಲ. ಹಡಗು ಬರುತ್ತೋ ಇಲ್ವೋ ನಮಗೂ ಗೊತ್ತಿಲ್ಲ. ಆದರೆ ನಾವು ತಗೋತೀವೋ ಇಲ್ವೋ ಅನ್ನೋದು ನಮಗೆ ಗೊತ್ತಲ್ವಾ, ಅಷ್ಟಾದ್ರೂ ಹೇಳೋಣ."

ಹೆದರಿಕೆ ನಂಜುಂಡಪ್ಪನವರಿಗೂ ಇತ್ತು, ನಾಳೆ ಅಗ್ಗದ ಬೇಳೆ ಬಂದರೆ ನಿರ್ದೇಶಕರು ಕೇಳುವುದು ಅವರನ್ನೇ. ಆಮೇಲೆ ಅಧ್ಯಕ್ಷರಿಗೆ ಫೋನ್ ಮಾಡಿ ಎರಡು ಮಾತಾಡಿದರು. ಸಂಘದ ಲೆಟರ್‌ಹೆಡ್ ಎಳೆದುಕೊಂಡು ತಮ್ಮ ಕೈಯಾರೆ ಬರೆದರು. ಮುಂದಿನ ರಾಶಿಯ ಬೇಳೆಯನ್ನು ಕೊಳ್ಳಲು ಸಂಘ ಈಗಲೇ ಒಪ್ಪಿದೆ, ಬೆಲೆ ಕುಸಿದರೂ ಈ ವರ್ಷ ಕೊಟ್ಟ ಬೆಲೆಗಿಂತ ಕಡಿಮೆ ಮಾಡುವುದಿಲ್ಲ ಎಂದು. ರುಜು ಹಾಕಿ, ಮುದ್ರೆ ಒತ್ತಿ, ಕಾಗದವನ್ನು ನನ್ನ ಕಡೆ ತಳ್ಳಿದರು. "ಓದಿ ಹೇಳಿ ಮೇಡಂ, ಕಾಯ್ತಾ ಇದಾರಲ್ಲ ಪಾಪ."

ಓದಿದೆ.

"ಇನ್ನೊಮ್ಮೆ ಓದ್ರಿ ಅಕ್ಕೋರೆ, ಸ್ಪೀಕರ್ ಹಾಕೀನಿ. ಎಲ್ಲಾರೂ ಕೇಳ್ಲಿ."

ಮತ್ತೆ ಓದಿದೆ, ಲೇತ್ ಶೆಡ್ಡಿನ ಸದ್ದಿಗಿಂತ ಜೋರಾಗಿ. ಪುಟ್ಟಲಕ್ಷ್ಮಮ್ಮ ಬಂದು ನನ್ನ ಪಕ್ಕ ನಿಂತಿದ್ದರು, ನಂಜುಂಡಪ್ಪನವರು ಕುರ್ಚಿಯಿಂದ ಎದ್ದಿದ್ದರು. ಓದಿ ಮುಗಿಸುವಷ್ಟರಲ್ಲಿ ಆ ಕಡೆ ಎಲ್ಲರೂ ಒಟ್ಟಿಗೆ ಮಾತಾಡಲು ಶುರು ಮಾಡಿದ್ದರು. ಆ ಗಲಾಟೆಯ ನಡುವೆ ಯಾರೋ ಒಬ್ಬಳು, "ಕೂರಿಗಿ ಹೊರಗ ತೆಗೀರೇ, ನಾಳಿ ಬಿತ್ತೂದು" ಎಂದು ಕೂಗಿದ್ದು ಹೆಗ್ಗನಹಳ್ಳಿಯಲ್ಲಿ ನಿಂತಿದ್ದ ನಮ್ಮ ಮೂವರಿಗೂ ಸ್ಪಷ್ಟವಾಗಿ ಕೇಳಿಸಿತು.